ಮಾತಿನ ಮರ್ಯಾದೆ: ಫ್ರೆಂಚರ ‘ವೂ’, ನಮ್ಮ ‘ನೀವು’

ಮಕ್ಕಳು ವಿದ್ಯೆಗಾಗಿಯೋ ಉದ್ಯೋಗಕ್ಕಾಗಿಯೋ ಪರದೇಶಗಳಿಗೆ ತೆರಳುವುದು ಕಡೂರು, ತರೀಕೆರೆ, ಅಜ್ಜಂಪುರಗಳಂತಹ ಊರುಗಳಲ್ಲಿಯೂ ಈಗ ಅಪೂರ್ವವಲ್ಲ. ಪರಭಾಷೆಯನ್ನು ಕಲಿಯತಕ್ಕವರು ಆ ಜನರು ಒಬ್ಬರನ್ನೊಬ್ಬರು ಕರೆಯುವ ಬಗೆಯನ್ನು ಮೊದಲು ಅರಿಯುವುದು ಲೇಸು. ವ್ಯಾಕರಣದ ತಪ್ಪನ್ನು ಮನ್ನಿಸುವವರೂ ಸಂಬೋಧನೆಯ ತಪ್ಪನ್ನು ಬೇಗ ಮರೆಯರು. ಆದುದರಿಂದ ಈ ತಿಂಗಳು ಫ್ರೆಂಚ್ ಭಾಷೆಯ ಗೌರವವಾಚಕಗಳನ್ನು ವಾಚಕರಿಗೆ ಪರಿಚಯಮಾಡಿಕೊಡುವೆವು.

ನಮ್ಮ ‘ನೀನು’, ‘ನೀವು’ಗಳಂತೆ ಫ್ರೆಂಚರಲ್ಲಿಯೂ ಎರಡು ಪದಗಳುಂಟು. ಸಲಿಗೆಯವರಿಗೆ ‘ತು’, ತುಟಿಗಳನ್ನು ‘ಊ’ಕಾರಕ್ಕೆಂಬಂತೆ ದುಂಡಗೆ ಮಾಡಿ ‘ಈ’ ಎಂದರೆ ಇದರ ಸ್ವರವು ಬರುವುದು. ಗೌರವಕ್ಕೂ ಬಹುವಚನಕ್ಕೂ ‘ವೂ’. ಬರೆವಣಿಗೆಯಲ್ಲಿ ಕೊನೆಗೆ ಸಕಾರವಿದ್ದರೂ ಅದನ್ನು ಉಚ್ಚರಿಸಕೂಡದು. ಮುಂದೆ ಸ್ವರ ಬಂದರೆ ಮಾತ್ರ ಅದು ‘ಜ಼’ಕಾರವಾಗಿ ಕೇಳಿಸುವುದು.

ಪುರುಷರನ್ನು ‘ಮಸ್ಯೋ’ ಎನ್ನಬೇಕು. ‘ನನ್ನ ಒಡೆಯ’ ಎಂಬುದು ಇದರ ಮೂಲಾರ್ಥ. ಬರೆವಣಿಗೆಯ ನಕಾರವೂ ಕೊನೆಯ ರಕಾರವೂ ಇಲ್ಲಿ ಮೂಕಾಕ್ಷರಗಳು. ಸ್ತ್ರೀಯರಿಗೆ ‘ಮದಾಮ್’, ಇದರ ದಕಾರವು ನಮ್ಮ ದಂತ್ಯ ‘ದ’ವೇ ಆದುದರಿಂದ ಕನ್ನಡಿಗರ ನಾಲಗೆಗೆ ಸುಲಭ. ಅವಿವಾಹಿತೆಯರಿಗೆಂದು ಬಳಸುತ್ತಿದ್ದ ‘ಮದ್‌ಮ್ವಜ಼ೆಲ್’ ಎಂಬ ಪದವನ್ನು ಸರ್ಕಾರಿ ನಮೂನೆಗಳಿಂದ ತೆಗೆಯಬೇಕೆಂದು 2012ರಲ್ಲಿ ಆಜ್ಞೆಯಾಯಿತು.

ಅಂಗಡಿಯನ್ನು ಹೊಕ್ಕವರು ‘ಬೋಂಜೂರ್, ಮದಾಮ್’ ಎಂದು ವಂದಿಸಿದ ಮೇಲೆಯೇ ವ್ಯಾಪಾರದ ಮಾತನ್ನೆತ್ತುವುದು ಅಲ್ಲಿಯ ಪದ್ಧತಿ. 1793ರಲ್ಲಿ, ಕ್ರಾಂತಿಯ ಕಾಲದಲ್ಲಿ, ಸಮಾನತೆಗಾಗಿ ಎಲ್ಲರನ್ನೂ ‘ತು’ ಎಂದೇ ಕರೆಯಬೇಕೆಂಬ ಚಳವಳಿಯೆದ್ದಿತು. ಅದು ಬಹುಕಾಲ ನಿಲ್ಲಲಿಲ್ಲ. ಪರಿಚಯವಿಲ್ಲದ ವಯಸ್ಕರಿಗೆ, ಅಂಗಡಿಯವಳಾಗಲಿ ಬೀದಿ ಗುಡಿಸುವವನಾಗಲಿ, ‘ವೂ’ ಎನ್ನುವುದೇ ಇಂದು ಅಲ್ಲಿಯ ಸಾಮಾನ್ಯ ಮರ್ಯಾದೆ.

ಇನ್ನು ನಮ್ಮ ಮನೆಯ ಕಡೆಗೆ ತಿರುಗೋಣ. ‘ಯಜಮಾನರೆ’, ‘ಗೌಡರೆ’, ‘ಅಣ್ಣ’, ‘ಅಕ್ಕ’ ಎಂಬ ಸಂಬೋಧನೆಗಳಿಗೆ ನಮ್ಮಲ್ಲಿ ಬಡತನವಿಲ್ಲ. ಹೆತ್ತ ತಾಯಿಯನ್ನು ‘ನೀನು’ ಎನ್ನುವೆವು. ಅವಳೂ ನಮ್ಮನ್ನು ಹಾಗೆಯೇ ಕರೆಯುವಳು. ಅದು ಸಲಿಗೆ. ಆದರೆ ಅಡಕೆ ಸುಲಿಯಲು ಬರುವ ಅರುವತ್ತರ ಮುದುಕಿಯನ್ನು ಹತ್ತು ವರ್ಷದ ಬಾಲಕನು ‘ಬಾರೇ’ ಎಂದು ಕೂಗುವುದೂ, ಅವಳು ‘ಬಂದೆ, ಸಣ್ಣಯ್ಯನವರೆ’ ಎಂದು ಓಡಿಬರುವುದೂ ಯಾವ ಸಲಿಗೆ? ಒಂದೇ ಕಡೆಯಿಂದ ಹರಿಯುವ ಏಕವಚನಕ್ಕೆ ಆ ಹೆಸರು ಸಲ್ಲದು. ಬಾಲಕನಾದರೋ ಹಿರಿಯರಿಂದ ಕೇಳಿದುದನ್ನೇ ಆಡುವನು.

ಮಕ್ಕಳಿಗೆ ಫ್ರೆಂಚರ ‘ವೂ’ವನ್ನು ಅವಶ್ಯವಾಗಿ ಕಲಿಸಿರಿ. ಅದಕ್ಕೆ ಮೊದಲು ಆ ಮುದುಕಿಯನ್ನು ‘ಬನ್ನಿ, ಅಜ್ಜಿ’ ಎಂದು ಕರೆಯುವುದನ್ನು ಕಲಿಸಬೇಕೆಂದು ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ. ಈ ಪಾಠದಲ್ಲಿ ಉಚ್ಚಾರಣೆಯ ತೊಡಕೇನೂ ಇಲ್ಲ.