ಚೊಂಬಿನ ಲೆಕ್ಕ

ಚೈತ್ರ ವೈಶಾಖಗಳೆರಡನ್ನೂ ಪಂಚಾಂಗವು ವಸಂತ ಋತುವಿಗೆ ಸೇರಿಸಿದೆ. ಕವಿಗಳು ಅದನ್ನೊಪ್ಪಿ ಕೋಗಿಲೆಯನ್ನೂ ಮಾವಿನ ಚಿಗುರನ್ನೂ ಮಂದಮಾರುತವನ್ನೂ ಆ ಎರಡು ತಿಂಗಳುಗಳಿಗೆ ವಹಿಸಿಕೊಟ್ಟಿದ್ದಾರೆ. ಆದರೆ 2024ನೆಯ ಇಸವಿಯ ವಸಂತವು ಬೆಂಗಳೂರಿಗೆ ಬರುವಾಗ ಮಂದಮಾರುತವನ್ನು ದಾರಿಯಲ್ಲೆಲ್ಲಿಯೋ ಬಿಟ್ಟು ಬಂದಂತಿತ್ತು. ಏಪ್ರಿಲ್ 9ರಂದು ಯುಗಾದಿಯಾಯಿತು. ಹೊಸ ಸಂವತ್ಸರದ ಹೆಸರು ಕ್ರೋಧಿ. ಬೇವು ಬೆಲ್ಲ ಕೈಗಿಟ್ಟ ಹೆಂಡತಿಗೆ, "ಈ ವರ್ಷ ಬೆಲ್ಲ ಸ್ವಲ್ಪ ಮುಂದಾಗಿಯೇ ಇರಲಿ" ಎಂದು ಬಸವನಗುಡಿಯ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಹೇಳಿದ್ದು ಅಕಾರಣವಾಗಿರಲಿಲ್ಲ. ಹಿತ್ತಿಲಿನಲ್ಲಿ ಗುಲಾಬಿಯ ಎಲೆಗಳು ಅದಾಗಲೇ ಹಪ್ಪಳದಂತೆ ಮುರಿಯುತ್ತಿದ್ದವು.

ಮೇಷ್ಟ್ರು ಪ್ರೌಢಶಾಲೆಯಲ್ಲಿ ಮೂವತ್ತೆರಡು ವರ್ಷ ಭೂಗೋಳ ಕಲಿಸಿದವರು. ಹಿತ್ತಿಲು ಮಾತ್ರ ಅವರ ಪತ್ನಿಯ ಸಾಮ್ರಾಜ್ಯ. ಒಂದು ಸಂಪಿಗೆಯ ಮರ, ಕರಿಬೇವು, ಎರಡು ಬಾಳೆ, ನಾಲ್ಕಾರು ಗುಲಾಬಿ ಕುಂಡಗಳು, ಗೋಡೆಯ ಪಕ್ಕದಲ್ಲಿ ದುಂಡುಮಲ್ಲಿಗೆಯ ಒಂದು ದೊಡ್ಡ ಗಿಡ. ಆ ಮಲ್ಲಿಗೆಯನ್ನು ಆಕೆಯ ತಾಯಿ ಮೈಸೂರಿನಿಂದ ತಂದು ತಮ್ಮ ಕೈಯಿಂದಲೇ ನೆಟ್ಟಿದ್ದರು. ವೈಶಾಖದಲ್ಲಿ ತಾಯಿಯ ತಿಥಿ ಬಂದಾಗ ಪಟಕ್ಕೆ ಆ ಗಿಡದ ಹೂವನ್ನೇ ಮುಡಿಸುವುದು ಇಪ್ಪತ್ತು ವರ್ಷಗಳಿಂದ ನಡೆದುಬಂದ ಪದ್ಧತಿ. ಮಾರುಕಟ್ಟೆಯ ಮಲ್ಲಿಗೆ ಎಷ್ಟೇ ದಪ್ಪವಾಗಿದ್ದರೂ ಆ ಒಂದು ದಿನ ಅದಕ್ಕೆ ಮನೆಯೊಳಗೆ ಪ್ರವೇಶವಿರಲಿಲ್ಲ.

ಆ ಬೇಸಗೆಗೆ ಮುನ್ನುಡಿ ಹಿಂದಿನ ವರ್ಷವೇ ಸಿದ್ಧವಾಗಿತ್ತು. 2023ರ ಮುಂಗಾರು ಕೈಕೊಟ್ಟು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಸರ್ಕಾರ ಸಾರಿತ್ತು. ಆ ಸೆಪ್ಟೆಂಬರಿನಲ್ಲಿ ಕಾವೇರಿಯ ನೀರಿಗಾಗಿ ಒಂದೇ ವಾರದಲ್ಲಿ ಬೆಂಗಳೂರು ಬಂದ್ ಒಂದು, ಕರ್ನಾಟಕ ಬಂದ್ ಒಂದು ನಡೆದವು. 2024ರ ಮಾರ್ಚಿಯಲ್ಲಿ ಆಗಿನ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಕೊಟ್ಟ ಲೆಕ್ಕದ ಪ್ರಕಾರ ನಗರಕ್ಕೆ ದಿನಕ್ಕೆ ಬೇಕಾದದ್ದು 260 ಕೋಟಿ ಲೀಟರ್; ಕೊರತೆ ಸುಮಾರು 50 ಕೋಟಿ ಲೀಟರ್. ಸರ್ಕಾರದ ಸುಮಾರು 14,000 ಕೊಳವೆ ಬಾವಿಗಳಲ್ಲಿ 6,900 ಬತ್ತಿಹೋಗಿದ್ದವು. ತಮ್ಮ ಮನೆಯ ಕೊಳವೆ ಬಾವಿಯೂ ಬತ್ತಿತೆಂದು ಆಗ ಉಪಮುಖ್ಯಮಂತ್ರಿಗಳಾಗಿದ್ದ ಡಿ. ಕೆ. ಶಿವಕುಮಾರರೇ ಹೇಳಿದರು. ಅದೇ ತಿಂಗಳು ಜಲಮಂಡಳಿಯ ಆಜ್ಞೆ ಹೊರಟಿತು: ಕುಡಿಯುವ ನೀರಿನಿಂದ ವಾಹನ ತೊಳೆಯಕೂಡದು, ಕೈತೋಟಕ್ಕೆ ಹಾಯಿಸಕೂಡದು, ತಪ್ಪಿದರೆ 5,000 ರೂಪಾಯಿ ದಂಡ. ಕೆಲವೇ ದಿನಗಳಲ್ಲಿ 22 ಮನೆಗಳವರು ದಂಡ ತೆತ್ತರೆಂದು ಪತ್ರಿಕೆಗಳಲ್ಲಿ ಬಂದಿತು.

ಮೇಷ್ಟ್ರು ಆ ಸುದ್ದಿಯನ್ನು ಗಟ್ಟಿಯಾಗಿ ಓದಿ ಹೇಳಿದರು. ಪತ್ನಿ ಏನನ್ನೂ ಹೇಳಲಿಲ್ಲ. ಆದರೆ ಮಾರನೆಯ ದಿನದಿಂದ ಬೆಳಗಿನ ಜಾವ ನಾಲ್ಕು ಗಂಟೆಗೆ ಹಿತ್ತಿಲ ಬಾಗಿಲಿನ ಚಿಲಕ ಮೆಲ್ಲಗೆ ಸರಿಯತೊಡಗಿತು. ರಬ್ಬರ್ ಕೊಳವೆಯಿಂದ ನೀರು ಮಣ್ಣಿಗೆ ಬೀಳುವ ಸದ್ದು ಮೇಷ್ಟ್ರಿಗೆ ಕೇಳಿಸುತ್ತಿತ್ತು. ಕಾವೇರಿಯು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರವನ್ನು ಮೂರು ಹಂತಗಳಲ್ಲಿ ಏರಿ ಬೆಂಗಳೂರಿಗೆ ಬರುತ್ತದೆಂದು ಮಕ್ಕಳಿಗೆ ನಕ್ಷೆ ಬರೆದು ತೋರಿಸಿದ್ದವರು ಅವರು. ಅಷ್ಟು ಕಷ್ಟಪಟ್ಟು ಮೇಲೇರಿದ ನೀರು ಹಿತ್ತಿಲಿನ ಮಣ್ಣಿಗಿಳಿಯುವುದನ್ನು ಕೇಳುತ್ತ, ತಾಯಿಯ ಮಲ್ಲಿಗೆಯನ್ನೂ ನೆನೆದುಕೊಂಡು, ಮೇಷ್ಟ್ರು ಗೋಡೆಯ ಕಡೆ ಹೊರಳಿ ನಿದ್ದೆ ಬಂದವರಂತೆ ಮಲಗಿಬಿಡುತ್ತಿದ್ದರು.

ಹೀಗೆ ನಾಲ್ಕು ದಿನ ನಡೆಯಿತು. ಐದನೆಯ ದಿನ ಮನೆಗೆಲಸದಾಕೆ ಬರುವುದು ಒಂದೂವರೆ ಗಂಟೆ ತಡವಾಯಿತು. ಆಕೆ ಎರಡು ಬಸ್ ಹತ್ತಿ ಬರುವವಳು. 2007ರಲ್ಲಿ ನಗರಕ್ಕೆ ಸೇರಿಸಿದ 110 ಹಳ್ಳಿಗಳಲ್ಲೊಂದರಲ್ಲಿ ಅವಳ ವಾಸ. ಊರು ನಗರವಾಗಿತ್ತೇ ಹೊರತು ಕಾವೇರಿಯು ಅವಳ ಬೀದಿಯವರೆಗೆ ಬಂದಿರಲಿಲ್ಲ. ಟ್ಯಾಂಕರಿಗಾಗಿ ಬೆಳಗಿನ ನಾಲ್ಕು ಗಂಟೆಯಿಂದ ಸಾಲಿನಲ್ಲಿ ಕೊಡವಿಟ್ಟು ಕಾದೆನೆಂದೂ, ಬಂದದ್ದು ಎಂಟಕ್ಕೆಂದೂ, ತನ್ನ ಸರದಿ ಬರುವ ಹೊತ್ತಿಗೆ ನೀರು ತೀರಿತೆಂದೂ ಆಕೆ ಪಾತ್ರೆ ತೊಳೆಯುತ್ತಲೇ ಹೇಳಿದಳು. ದೂರುವ ಧ್ವನಿಯೇನೂ ಇರಲಿಲ್ಲ.

"ಅಮ್ಮಾವ್ರೇ, ಬೇಜಾರು ಮಾಡ್ಕೋಬೇಡಿ. ಎರಡು ಕ್ಯಾನ್ ತಂದಿದೀನಿ. ಹೋಗೋವಾಗ ನಿಮ್ಮ ನಲ್ಲೀಲಿ ತುಂಬಿಸ್ಕೊಂಡು ಹೋಗ್ಲಾ? ಮಗೂಗೆ ಕುಡಿಯೋಕೆ."

"ಅದಕ್ಕೇನು ಕೇಳೋದು, ತುಂಬಿಸ್ಕೊ" ಎಂದರು ಅಮ್ಮನವರು.

ನಲ್ಲಿಯಿದ್ದದ್ದು ಹಿತ್ತಿಲಿನಲ್ಲಿ. ಕ್ಯಾನಿಗೆ ನೀರು ತುಂಬುವವರೆಗೆ ಇಬ್ಬರೂ ಅಲ್ಲಿ ನಿಂತಿರಬೇಕಾಯಿತು. ಸುತ್ತಲಿನ ನೆಲವೆಲ್ಲ ಬಿಳಿಚಿಕೊಂಡು ಬಿರುಕುಬಿಟ್ಟಿತ್ತು. ಮಲ್ಲಿಗೆಯ ಬುಡವೊಂದು ಮಾತ್ರ ಕಪ್ಪಗೆ ಒದ್ದೆಯಾಗಿತ್ತು. ಆಕೆ ಅದನ್ನು ನೋಡಿದಳು. ಆಕೆ ನೋಡಿದ್ದನ್ನು ಅಮ್ಮನವರೂ ನೋಡಿದರು. ಕ್ಯಾನ್ ತುಂಬಿತು. ಆಕೆ ಸೆರಗಿನಿಂದ ಅದರ ಬಾಯಿ ಒರೆಸಿ ಮುಚ್ಚಳ ತಿರುಗಿಸಿದಳು. ಒಂದು ಹನಿ ಚೆಲ್ಲಲಿಲ್ಲ. "ಬರ್ತೀನಿ ಅಮ್ಮಾವ್ರೇ" ಎಂದು ಹೊರಟುಹೋದಳು.

ಮಾರನೆಯ ದಿನ ನಾಲ್ಕು ಗಂಟೆಗೆ ಚಿಲಕ ಸರಿಯಲಿಲ್ಲ. ಬೆಳಗ್ಗೆ ಮೇಷ್ಟ್ರು ಎದ್ದು ನೋಡಿದಾಗ ರಬ್ಬರ್ ಕೊಳವೆಯು ಸುರುಳಿ ಸುತ್ತಿಕೊಂಡು ಮೊಳೆಯ ಮೇಲೆ ತೂಗುತ್ತಿತ್ತು. ಅಡುಗೆಮನೆಯ ಬಚ್ಚಲಿನ ಹತ್ತಿರ ಒಂದು ಬಕೀಟು ಬಂದಿತ್ತು. ಅದರ ಪಕ್ಕದಲ್ಲಿ ಅತ್ತೆಯ ಕಾಲದ ಹಿತ್ತಾಳೆ ಚೊಂಬು.

ಅಂದಿನಿಂದ ಹಿತ್ತಿಲಿನ ರಾಜ್ಯಭಾರ ಚೊಂಬಿನ ಲೆಕ್ಕಕ್ಕೆ ಇಳಿಯಿತು. ಅಕ್ಕಿ ಬೇಳೆ ತೊಳೆದ ನೀರು, ತರಕಾರಿ ತೊಳೆದ ನೀರು, ಎಲ್ಲ ಕೂಡಿದರೆ ದಿನಕ್ಕೆ ಎಂಟು ಚೊಂಬು. ಸೋಪಿನ ನೀರು ಎಳೆಯ ಬೇರಿಗೆ ಆಗದು. ಸ್ನಾನದ ನೀರನ್ನು ಬಾಳೆಯ ಬುಡಕ್ಕೆ ತಿರುಗಿಸಿದ್ದಾಯಿತು. ಸಂಪಿಗೆಯ ಬೇರು ಆಳಕ್ಕೆ ಇಳಿದಿರುವುದರಿಂದ ಅದಕ್ಕೆ ಏನೂ ಇಲ್ಲ. ಮಲ್ಲಿಗೆಗೆ ಮೂರು, ಕರಿಬೇವಿಗೆ ಎರಡು, ಉಳಿದ ಮೂರು ಗುಲಾಬಿ ಕುಂಡಗಳಿಗೆ. ಮಲ್ಲಿಗೆಯ ಪಾಲನ್ನು ನೆಲದ ಮೇಲೆ ಸುರಿಯಲಿಲ್ಲ. ಗಿಡದ ಪಕ್ಕದಲ್ಲಿ ಒಂದು ಮಣ್ಣಿನ ಮಡಕೆಯನ್ನು ಕತ್ತಿನವರೆಗೆ ಹೂಳಿ, ಅದಕ್ಕೆ ನೀರು ತುಂಬಿ, ಬಾಯಿಗೆ ಹಂಚು ಮುಚ್ಚಿದರು. ಮೆರುಗು ಹಾಕದ ಮಡಕೆ ಸುತ್ತಲಿನ ಮಣ್ಣಿಗೆ ನೀರನ್ನು ಜಿನುಗಿಸುತ್ತದೆ; ಮಣ್ಣು ಒಣಗಿದಷ್ಟೂ ಹೆಚ್ಚು, ನೆನೆದಷ್ಟೂ ಕಡಿಮೆ. ಬಿಸಿಲಿಗೆ ಆವಿಯಾಗಿ ಹೋಗುವ ಪಾಲು ಅತ್ಯಲ್ಪ. ಮೇಲಿನಿಂದ ಸಂಪಿಗೆಯ ಒಣ ಎಲೆಗಳನ್ನೂ ತೆಂಗಿನ ನಾರನ್ನೂ ನಾಲ್ಕು ಬೆರಳು ದಪ್ಪಕ್ಕೆ ಹೊದಿಸಿದರು.

"ಕಾವೇರಿ ನ್ಯಾಯಮಂಡಳಿಯವರು ನಿನ್ನ ಹತ್ತಿರ ಬಂದು ಕಲಿಯಬೇಕು" ಎಂದರು ಮೇಷ್ಟ್ರು. "ಒಳ್ಳೆಯ ವರ್ಷದ ಹಂಚಿಕೆ ಯಾರಿಗಾದರೂ ಬರುತ್ತದೆ. 2018ರಲ್ಲಿ ಸುಪ್ರೀಂ ಕೋರ್ಟು ಕರ್ನಾಟಕಕ್ಕೆ 284.75 ಟಿಎಂಸಿ ಎಂದು ಹೇಳಿತು. ಅದರಲ್ಲಿ ಬೆಂಗಳೂರಿನ ಕುಡಿಯುವ ನೀರಿಗೆಂದೇ 4.75 ಟಿಎಂಸಿ ಹೆಚ್ಚಿಗೆ ಕೊಟ್ಟಿತು. ಕೆಟ್ಟ ವರ್ಷದಲ್ಲಿ ಯಾರ ಪಾಲು ಎಷ್ಟು ಕಡಿಮೆಯಾಗಬೇಕು ಎನ್ನುವುದೇ ಪ್ರತಿಸಲದ ಜಗಳ."

"ನನಗೇನೂ ಜಗಳವಿಲ್ಲ ರೀ. ಗುಲಾಬಿ ಉಳಿಯೋದಿಲ್ಲ ಅಂತ ನನಗೆ ಗೊತ್ತಾಗಿದೆ. ಗುಲಾಬಿಗೆ ಅದು ಇನ್ನೂ ಗೊತ್ತಾಗಿಲ್ಲ, ಅಷ್ಟೆ."

ಏಪ್ರಿಲ್ ಮುಗಿಯುವ ಮೊದಲೇ ಗುಲಾಬಿಗಳು ಒಂದೊಂದಾಗಿ ಹೋದವು. ಅವುಗಳ ಪಾಲಿನ ಮೂರು ಚೊಂಬುಗಳಲ್ಲಿ ಎರಡು ಮಲ್ಲಿಗೆಗೂ ಒಂದು ಕರಿಬೇವಿಗೂ ಸಂದಿತು.

ಇತ್ತ ಲೋಕಸಭೆಯ ಚುನಾವಣೆಯೂ ಹತ್ತಿರವಾಗಿತ್ತು. ರಾಜ್ಯದ 28 ಸ್ಥಾನಗಳಲ್ಲಿ 14ಕ್ಕೆ ಏಪ್ರಿಲ್ 26ರಂದು, ಉಳಿದ 14ಕ್ಕೆ ಮೇ 7ರಂದು ಮತದಾನ. ಪಕ್ಕದ ಮನೆಯ ವಕೀಲರಿಗೂ ಮೇಷ್ಟ್ರಿಗೂ ಕಾಂಪೌಂಡಿನ ಗೋಡೆಯೇ ಚರ್ಚಾವೇದಿಕೆ. ಆ ತಿಂಗಳ ಮೂರನೆಯ ವಾರದಲ್ಲಿ ಪತ್ರಿಕೆಗಳಲ್ಲಿ ಕಾಂಗ್ರೆಸ್ಸಿನ ಜಾಹೀರಾತೊಂದು ಬಂದಿತು. ಕೇಂದ್ರವು ರಾಜ್ಯಕ್ಕೆ ಕೊಟ್ಟದ್ದು ಖಾಲಿ ಚೊಂಬು ಎಂಬುದು ಅದರ ತಾತ್ಪರ್ಯ. ಅದಕ್ಕೆ ಉತ್ತರವಾಗಿ ಬಿಜೆಪಿಯವರು ಅದೇ ಚೊಂಬನ್ನು ರಾಜ್ಯ ಸರ್ಕಾರದ ಕಡೆಗೆ ತಿರುಗಿಸಿದರು. ಮಾಜಿ ಪ್ರಧಾನಿ ದೇವೇಗೌಡರು ಚಿಕ್ಕಬಳ್ಳಾಪುರದ ಸಭೆಯಲ್ಲಿ, ಕಾಂಗ್ರೆಸ್ಸಿನವರು ಕೊಟ್ಟುಹೋದ ಖಾಲಿ ಚೊಂಬನ್ನು ಮೋದಿಯವರು ಅಕ್ಷಯಪಾತ್ರೆ ಮಾಡಿದರೆಂದರು.

"ನೋಡಿದಿರಾ ಮೇಷ್ಟ್ರೇ, ಬರಪರಿಹಾರಕ್ಕೆ 18,171 ಕೋಟಿ ಕೇಳಿ ರಾಜ್ಯ ಸರ್ಕಾರ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಬೇಕಾಯಿತು. ಇದು ಒಕ್ಕೂಟ ಧರ್ಮವೇ?" ಎಂದರು ವಕೀಲರು.

"ಕೋರ್ಟಿಗೆ ಹೋಗುವುದು ನಿಮಗೆ ಹೊಸದೇ ವಕೀಲರೇ? ಮಳೆ ಇಲ್ಲದಿದ್ದದ್ದು 2023ರ ಜೂನಿನಲ್ಲಿಯೇ ಗೊತ್ತಿತ್ತು. ಬತ್ತಿದ ಬಾವಿಗಳನ್ನು ಎಣಿಸಲು ಮಾರ್ಚಿಯವರೆಗೆ ಕಾದವರು ಯಾರು?" ಎಂದರು ಮೇಷ್ಟ್ರು.

ಮಾತು ಏರಿತು. ಅಷ್ಟರಲ್ಲಿ ಕೆಲಸದಾಕೆ ಎಂಟನೆಯ ಚೊಂಬನ್ನು ಮಡಕೆಗೆ ಸುರಿದು, ಖಾಲಿ ಚೊಂಬನ್ನು ಕೈಯಲ್ಲಿ ಹಿಡಿದುಕೊಂಡು ಆ ಕಡೆ ಬಂದಳು. ಇಬ್ಬರೂ ಅದನ್ನು ನೋಡಿ ತಟಕ್ಕನೆ ಸುಮ್ಮನಾದರು. ಏಕೆಂದು ಆಕೆಗೆ ತಿಳಿಯಲಿಲ್ಲ. ವಕೀಲರು ನಕ್ಕು ವಿಷಯ ತಿಳಿಸಿದರು.

"ನಮ್ಮ ಕಡೇನೂ ಬಂದಿದ್ರು ಸಾಮಿ, ಎರಡು ಪಾರ್ಟಿಯವರೂ" ಎಂದಳಾಕೆ. "ಅವರು ಇವರ ಚೊಂಬು ಖಾಲಿ ಅಂತಾರೆ, ಇವರು ಅವರದು ಖಾಲಿ ಅಂತಾರೆ. ಇಬ್ಬರೂ ನಿಜಾನೇ ಹೇಳ್ತಾರೇನೋ ಅಂತ ನಾವು ಸುಮ್ಮನೆ ಕೂತಿದ್ವಿ."

ಏಪ್ರಿಲ್ 26ರಂದು ಮೇಷ್ಟ್ರ ಮನೆಯವರು, ವಕೀಲರು, ಆಕೆ, ಎಲ್ಲರೂ ತಂತಮ್ಮ ಮತಗಟ್ಟೆಗಳಿಗೆ ಹೋಗಿ ಬೆರಳಿಗೆ ಶಾಯಿ ಹಾಕಿಸಿಕೊಂಡು ಬಂದರು. ಆಕೆ ಮಾತ್ರ ಅಂದು ಎರಡು ಸಾಲುಗಳಲ್ಲಿ ನಿಂತಿದ್ದಳು. ಮತದ ಸಾಲು ಬೇಗ ಮುಗಿಯಿತಂತೆ. ಅದೇ ವಾರ ಕೇಂದ್ರವು ಸುಮಾರು 3,454 ಕೋಟಿ ರೂಪಾಯಿ ಬರಪರಿಹಾರ ಬಿಡುಗಡೆ ಮಾಡಿತು. ಇಷ್ಟಾದರೂ ಬಂತಲ್ಲ ಎಂದು ಮೇಷ್ಟ್ರು, ಇಷ್ಟೇ ಬಂತಲ್ಲ ಎಂದು ವಕೀಲರು, ಗೋಡೆಯ ಎರಡು ಕಡೆಯಿಂದ ವಾದವನ್ನು ಮುಂದುವರಿಸಿದರು.

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎಂಬುದು ಹಿರಿಯರ ಮಾತು. ಮೇ ಮೊದಲ ವಾರದಲ್ಲಿ ಭರಣಿ ಮಳೆ ಬೆಂಗಳೂರಿಗೆ ಬಂದಿತು. ಮಣ್ಣಿನ ವಾಸನೆಗೆ ಬೀದಿಯ ಜನವೆಲ್ಲ ಬಾಗಿಲಿಗೆ ಬಂದು ನಿಂತರು. ಮೇಷ್ಟ್ರು ಮಾತ್ರ ತಾರಸಿಯ ಕೊಳವೆಯಿಂದ ಧಾರೆಯಾಗಿ ಇಳಿದು ಚರಂಡಿಗೆ ಹೋಗುತ್ತಿದ್ದ ನೀರನ್ನೇ ನೋಡುತ್ತ ನಿಂತರು. ಮಳೆನೀರು ಸಂಗ್ರಹದ ಕಾನೂನು ಬೆಂಗಳೂರಿಗೆ 2009ರಲ್ಲಿಯೇ ಬಂದಿತ್ತು. ಹಳೆಯ ಮನೆಗಳಲ್ಲಿ 2,400 ಚದರಡಿಗಿಂತ ದೊಡ್ಡ ನಿವೇಶನದವರಿಗೆ ಮಾತ್ರ ಅದು ಕಡ್ಡಾಯ. ತಮ್ಮದು ಅಷ್ಟಿಲ್ಲವೆಂದು ಮೇಷ್ಟ್ರು ಹದಿನೈದು ವರ್ಷ ನಿಶ್ಚಿಂತೆಯಾಗಿದ್ದರು. ಅಂದು ಸಂಜೆ ಕಾಗದ ತೆಗೆದುಕೊಂಡು ಲೆಕ್ಕ ಹಾಕಿದರು. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆಯೆಂದರೆ ಒಂದು ಲೀಟರ್. ತಾರಸಿ 100 ಚದರ ಮೀಟರ್. ಪುಟ್ಟ ಮಳೆ, ಹತ್ತು ಮಿಲಿಮೀಟರ್ ಬಂದರೂ ಸಾವಿರ ಲೀಟರ್. ಪತ್ನಿಯ ಲೆಕ್ಕದಲ್ಲಿ ಅದು ನಾಲ್ಕು ತಿಂಗಳ ಚೊಂಬು. ಮರುದಿನವೇ 500 ಲೀಟರಿನ ಒಂದು ಪೀಪಾಯಿ ಬಂದು ಕೊಳವೆಯ ಕೆಳಗೆ ಕುಳಿತಿತು.

ಮೇ 10ರ ಅಕ್ಷಯ ತೃತೀಯೆಯ ಹೊತ್ತಿಗೆ ಮಲ್ಲಿಗೆಯಲ್ಲಿ ಮೊಗ್ಗು ಕಾಣಿಸಿತು. ತಿಥಿಯ ದಿನ ಬಿಡಿಸಿದರೆ ಒಂದು ಗೇಣು ಮಾಲೆಗೆ ಸಾಲುವಷ್ಟು ಮಾತ್ರ ಹೂವು. ಹಿಂದಿನ ವರ್ಷಗಳಲ್ಲಿ ಮೊಳಗಟ್ಟಲೆ ಆಗುತ್ತಿತ್ತು. ಅಮ್ಮನವರು ಅದನ್ನು ಎರಡು ತುಂಡು ಮಾಡಿದರು. ಒಂದು ಪಟಕ್ಕೆ ಹೋಯಿತು. ಇನ್ನೊಂದನ್ನು ಕೆಲಸದಾಕೆಯ ತಲೆಗೆ ತಾವೇ ಮುಡಿಸಿದರು.

ಜೂನ್ 2ರಂದು ರೋಹಿಣಿಯ ಮಳೆ ಮೇಷ್ಟ್ರ ಲೆಕ್ಕವನ್ನು ಮೀರಿ ಬಂದಿತು. ಒಂದೇ ದಿನ 111 ಮಿಲಿಮೀಟರ್. ಜೂನ್ ತಿಂಗಳ ಒಂದು ದಿನದಲ್ಲಿ ಅಷ್ಟು ಮಳೆ ನಗರದಲ್ಲಿ ನೂರು ವರ್ಷಗಳಿಗೂ ಹಿಂದಿನಿಂದ ದಾಖಲಾಗಿರಲಿಲ್ಲ. ಊರಿನಲ್ಲಿ ಎಷ್ಟೋ ಮರಗಳು ಉರುಳಿದವು. ಹಿತ್ತಿಲಿನ ಸಂಪಿಗೆಯೂ ಒಂದು ಕೊಂಬೆಯನ್ನು ಒಪ್ಪಿಸಿತು. ಪೀಪಾಯಿ ಕೆಲವೇ ನಿಮಿಷಗಳಲ್ಲಿ ತುಂಬಿ ಹರಿಯಿತು. ತಾರಸಿಯ ಮೇಲೆ ಬಿದ್ದದ್ದು 11,100 ಲೀಟರ್. ಒಂದು ದೊಡ್ಡ ಟ್ಯಾಂಕರಿಗೆ ಸ್ವಲ್ಪವೇ ಕಡಿಮೆ. ಜಿಲ್ಲಾಡಳಿತ ಮಾರ್ಚಿಯಲ್ಲಿ ನಿಗದಿ ಮಾಡಿದ್ದ ದರದಲ್ಲಿ 12,000 ಲೀಟರಿನ ಟ್ಯಾಂಕರಿಗೆ 1,000 ರೂಪಾಯಿ. ಮೇಷ್ಟ್ರು ಹಿಡಿದದ್ದು 500 ಲೀಟರ್. ಉಳಿದದ್ದೆಲ್ಲ ಚರಂಡಿಯ ಪಾಲಾಯಿತು.

ಜೂನ್ 4ರಂದು ಎಣಿಕೆಯಾಯಿತು: ಬಿಜೆಪಿಗೆ 17, ಜನತಾದಳಕ್ಕೆ 2, ಕಾಂಗ್ರೆಸ್ಸಿಗೆ 9. ಗೆದ್ದದ್ದು 19 ಎಂದು ಮೇಷ್ಟ್ರು, ಹಿಂದೆ ಒಂದಿದ್ದದ್ದು ಒಂಬತ್ತಾಯಿತೆಂದು ವಕೀಲರು, ಇಬ್ಬರೂ ಸಂತೋಷಪಟ್ಟರು. ಆ ವಾರ ಇಬ್ಬರೂ ಸೇರಿ ಒಬ್ಬ ಗಾರೆಯವನನ್ನು ಕರೆಸಿ, ಎರಡು ಮನೆಗಳ ತಾರಸಿಯ ನೀರು ಬೀಳುವಂತೆ ಗೋಡೆಯ ಬದಿಯಲ್ಲಿ ಒಂದು ತೊಟ್ಟಿ ಕಟ್ಟಿಸುವ ಮಾತಾಡಿದರು. ಖರ್ಚಿನ ಹಂಚಿಕೆಯಲ್ಲಿ ಮಾತ್ರ ಸ್ವಲ್ಪ ಚರ್ಚೆಯಾಯಿತು.

ಮಳೆ ಹಿಡಿದ ಮೇಲೆ ಅಮ್ಮನವರು ಮಲ್ಲಿಗೆಯ ಒಂದು ರೆಂಬೆಯನ್ನು ಬಗ್ಗಿಸಿ ಮಣ್ಣಿನಲ್ಲಿ ಹುದುಗಿಸಿ, ಬೇರು ಬಂದ ಮೇಲೆ ಕತ್ತರಿಸಿ ಒಂದು ಎಣ್ಣೆಯ ಡಬ್ಬದಲ್ಲಿ ನೆಟ್ಟರು.

"ತೊಗೊಂಡು ಹೋಗೇ, ನಿಮ್ಮ ಮನೆ ಮುಂದೆ ಹಾಕ್ಕೊ" ಎಂದರು.

ಆಕೆ ಸಸಿಯ ಎಲೆಯನ್ನು ಬೆರಳಿನಿಂದ ಸವರಿದಳು. "ಈಗ ಬೇಡ ಅಮ್ಮಾವ್ರೇ. ನಮ್ಮ ಬೀದಿಗೆ ನಲ್ಲಿ ಬರಲಿ. ಅಲ್ಲೀವರೆಗೂ ಇಲ್ಲೇ ಇರಲಿ."

ಜುಲೈನಲ್ಲಿ ಕೃಷ್ಣರಾಜಸಾಗರವು ತನ್ನ 124.80 ಅಡಿಯ ಮಟ್ಟವನ್ನು ಮುಟ್ಟಿತು. ಅಕ್ಟೋಬರ್ 16ರಂದು, ಮುಖ್ಯವಾಗಿ ಆ 110 ಹಳ್ಳಿಗಳಿಗೆಂದೇ, ದಿನಕ್ಕೆ 77.5 ಕೋಟಿ ಲೀಟರ್ ತರುವ ಕಾವೇರಿ ಐದನೆಯ ಹಂತದ ಯೋಜನೆಗೆ ಚಾಲನೆ ದೊರೆಯಿತು. ಮೇಷ್ಟ್ರು ಆ ಸುದ್ದಿಯನ್ನು ಎಂದಿನಂತೆ ಗಟ್ಟಿಯಾಗಿ ಓದಿದರು. ಪಾತ್ರೆ ತೊಳೆಯುತ್ತಿದ್ದ ಆಕೆ ಕೈ ನಿಲ್ಲಿಸಿ ಪೂರ್ತಿ ಕೇಳಿದಳು. ಆಮೇಲೆ ಕೈ ತೊಳೆದುಕೊಂಡು, ಅಕ್ಕಿ ತೊಳೆದ ನೀರನ್ನು ಅರ್ಧ ಚೊಂಬು ಮೊಗೆದುಕೊಂಡು, ಹಿತ್ತಿಲಿನ ಡಬ್ಬದ ಕಡೆಗೆ ಹೋದಳು.