ಹೊಟ್ಟೆಯಲ್ಲಿ 187 ನಾಣ್ಯ, ಸೆರಗಿನಲ್ಲಿ ಬಳಪ: ದೊಡ್ಡವರೂ ತಿನ್ನಬಾರದ್ದನ್ನು ಏಕೆ ತಿನ್ನುತ್ತಾರೆ?

2022ರ ನವೆಂಬರ್ ಕೊನೆಯಲ್ಲಿ ಪತ್ರಿಕೆ, ಟಿ.ವಿ.ಗಳಲ್ಲಿ ಬಂದ ಸುದ್ದಿಯೊಂದು ನಿಮಗೆ ನೆನಪಿರಬಹುದು. ರಾಯಚೂರು ಜಿಲ್ಲೆಯ ಲಿಂಗಸುಗೂರು ಕಡೆಯ, ಅರವತ್ತರ ಹತ್ತಿರದ ವ್ಯಕ್ತಿಯೊಬ್ಬರನ್ನು ಹೊಟ್ಟೆನೋವೆಂದು ಮನೆಯವರು ಬಾಗಲಕೋಟೆಯ ಹಾನಗಲ್ ಶ್ರೀ ಕುಮಾರೇಶ್ವರ ಆಸ್ಪತ್ರೆಗೆ ಕರೆದೊಯ್ದಿದ್ದರು. ಪರೀಕ್ಷಿಸಿದಾಗ ಜಠರದ ತುಂಬ ನಾಣ್ಯಗಳು ಕಂಡವು. ಶಸ್ತ್ರಚಿಕಿತ್ಸೆ ಮಾಡಿ ಹೊರತೆಗೆದದ್ದು 187 ನಾಣ್ಯ. ಐದು ರೂಪಾಯಿಯವು 56, ಎರಡು ರೂಪಾಯಿಯವು 51, ಒಂದು ರೂಪಾಯಿಯವು 80. ಒಟ್ಟು 462 ರೂಪಾಯಿ.

‘ಇದೇನು ಹೊಟ್ಟೆಯೋ, ಹುಂಡಿಯೋ’ ಎಂದು ಓದಿದವರು ನಕ್ಕಿರಬಹುದು. ಆದರೆ ಅವರಿಗೆ ಮಾನಸಿಕ ಕಾಯಿಲೆ ಇತ್ತು ಎಂಬುದೂ ಅದೇ ವರದಿಗಳಲ್ಲಿತ್ತು. ಇಂಥ ಸುದ್ದಿಯನ್ನು ನಾವು ವಿಚಿತ್ರವೆಂದು ಓದಿ ಮರೆಯುತ್ತೇವೆ. ಇದರ ಸಣ್ಣ ರೂಪಗಳು ನಮ್ಮ ಮನೆಗಳಲ್ಲೇ ಇರುತ್ತವೆ: ಕದ್ದು ಬಳಪ ತಿನ್ನುವ ಸೊಸೆ, ಅಕ್ಕಿ ಡಬ್ಬಿಗೆ ಪದೇಪದೇ ಕೈ ಹಾಕುವ ಅತ್ತಿಗೆ, ಫ್ರಿಜ್ಜಿನ ಐಸ್ ಕಡಿಯುತ್ತಲೇ ಇರುವ ಅಕ್ಕ. ಇವನ್ನು ನಾವು ಚಟ ಎನ್ನುತ್ತೇವೆ. ಎಷ್ಟೋ ಸಲ ಅದು ಮೈಯಲ್ಲಿ ರಕ್ತ ಕಡಿಮೆಯಾಗಿದೆ ಎಂಬುದರ ಗುರುತು.

ಪೈಕಾ ಎಂದರೇನು?

ಆಹಾರವಲ್ಲದ ವಸ್ತುವನ್ನು ಕನಿಷ್ಠ ಒಂದು ತಿಂಗಳ ಕಾಲ ಮತ್ತೆ ಮತ್ತೆ ತಿನ್ನುವ ಸಮಸ್ಯೆಗೆ ವೈದ್ಯರು ‘ಪೈಕಾ’ ಎನ್ನುತ್ತಾರೆ. ಲ್ಯಾಟಿನ್ ಭಾಷೆಯಲ್ಲಿ ಇದು ಮ್ಯಾಗ್‌ಪೈ ಹಕ್ಕಿಯ ಹೆಸರು. ಆ ಹಕ್ಕಿ ಕಂಡದ್ದನ್ನೆಲ್ಲ ತಿನ್ನುತ್ತದೆ ಎಂಬ ನಂಬಿಕೆಯಿಂದ ಕಾಯಿಲೆಗೂ ಅದೇ ಹೆಸರು ಬಂತು. ಮಣ್ಣು, ಸೀಮೆಸುಣ್ಣ, ಬಳಪ, ಇದ್ದಿಲು, ಬೂದಿ, ಇಟ್ಟಿಗೆ ಚೂರು, ಕಾಗದ, ಕೂದಲು, ಐಸ್ ಎಲ್ಲವೂ ಈ ಪಟ್ಟಿಯಲ್ಲಿವೆ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ರೋಗ ವರ್ಗೀಕರಣವು, ಬೇಯಿಸದ ಅಡುಗೆ ಸಾಮಗ್ರಿಯನ್ನು ವಿಪರೀತ ತಿನ್ನುವುದನ್ನೂ ಇದರಲ್ಲೇ ಸೇರಿಸಿದೆ.

ಸಿಂಧನೂರು ಸುತ್ತಮುತ್ತ ಇದನ್ನು ಗಮನಿಸಬೇಕು. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಭತ್ತದ ನಾಡಾದ ಕಡೆ ಅಕ್ಕಿಗೆ ಬರವಿಲ್ಲ. ಅಕ್ಕಿ ಆರಿಸುವಾಗ ನಾಲ್ಕು ಕಾಳು ಬಾಯಿಗೆ ಹಾಕಿಕೊಳ್ಳುವುದು ಕಾಯಿಲೆಯಲ್ಲ. ದಿನವೂ ಹಿಡಿಗಟ್ಟಲೆ ಹಸಿ ಅಕ್ಕಿ ತಿನ್ನದೆ ಇರಲಾಗುವುದಿಲ್ಲ, ಬಿಡಬೇಕೆಂದರೂ ಬಿಡಲಾಗುವುದಿಲ್ಲ ಎಂದಾದರೆ ಕಾರಣ ಹುಡುಕಬೇಕು.

ಎರಡು ವರ್ಷದೊಳಗಿನ ಕೂಸು ಮಣ್ಣು ಬಾಯಿಗೆ ಹಾಕಿಕೊಂಡರೆ ಅದು ಪೈಕಾ ಅಲ್ಲ. ಲೋಕವನ್ನು ಬಾಯಿಂದಲೇ ತಿಳಿಯುವ ವಯಸ್ಸು ಅದು. ಮಣ್ಣು ತಿಂದ ಕೃಷ್ಣನನ್ನು ನಾವೆಲ್ಲ ಮುದ್ದಿನಿಂದ ನೋಡುವುದೂ ಅದಕ್ಕೇ. ದೊಡ್ಡವರು ತಿಂದರೆ ಮಾತ್ರ ‘ಹೊಟ್ಟೆಗೆ ಅನ್ನ ತಿಂತೀಯೋ, ಮಣ್ಣು ತಿಂತೀಯೋ’ ಎಂಬ ಬೈಗುಳ ಸಿಗುತ್ತದೆ. ಆದ್ದರಿಂದಲೇ ಅವರು ಬಚ್ಚಿಟ್ಟು ತಿನ್ನುತ್ತಾರೆ, ವೈದ್ಯರೆದುರು ಬಾಯಿ ಬಿಡುವುದಿಲ್ಲ.

ರಕ್ತಹೀನತೆಗೂ ಬಳಪಕ್ಕೂ ಏನು ಸಂಬಂಧ?

ದೊಡ್ಡವರ ಪೈಕಾ ಜೊತೆ ಬಹಳ ಸಲ ಕಂಡುಬರುವುದು ಕಬ್ಬಿಣದ ಕೊರತೆ. ಕೊರತೆಯಾದಾಗ ಮಣ್ಣಿನ ವಾಸನೆ, ಐಸ್‌ನ ತಂಪು ಏಕೆ ಸೆಳೆಯುತ್ತದೆ ಎಂಬುದಕ್ಕೆ ವಿಜ್ಞಾನದಲ್ಲಿ ಇನ್ನೂ ಪೂರ್ಣ ಉತ್ತರವಿಲ್ಲ. ಆದರೆ ಕಬ್ಬಿಣದ ಮಾತ್ರೆ ಶುರುವಾದ ಮೇಲೆ ಅನೇಕರಲ್ಲಿ ಈ ಆಸೆ ತಾನಾಗಿಯೇ ಇಳಿಯುತ್ತದೆ. ಐಸ್ ತಿನ್ನುವವರಲ್ಲಂತೂ ಹಿಮೋಗ್ಲೋಬಿನ್ ಏರುವ ಮೊದಲೇ ಆಸೆ ನಿಲ್ಲುವುದುಂಟು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಗರ್ಭಿಣಿಯರಲ್ಲಿ ಈ ಪ್ರಮಾಣ ಶೇ. 45.7. ಬಸಿರಿನ ಒಂಬತ್ತು ತಿಂಗಳಲ್ಲಿ ತಾಯಿಗೆ ಒಟ್ಟು ಸುಮಾರು 1000 ಮಿಲಿಗ್ರಾಂ ಕಬ್ಬಿಣ ಬೇಕು. ಮೊದಲೇ ಕೊರತೆಯಿದ್ದವರು ಇನ್ನಷ್ಟು ಸೊರಗುತ್ತಾರೆ. ಮಣ್ಣು, ಬಳಪದ ಆಸೆ ಬಸಿರಿನಲ್ಲಿ ಹೆಚ್ಚಾಗಿ ಕಾಣುವುದಕ್ಕೆ ಇದೂ ಒಂದು ಕಾರಣ.

ಮಣ್ಣು ತಿಂದರೆ ಕೊರತೆ ತುಂಬುವುದೂ ಇಲ್ಲ. ಜೇಡಿಮಣ್ಣು ಊಟದಲ್ಲಿರುವ ಕಬ್ಬಿಣಕ್ಕೆ ಅಂಟಿಕೊಂಡು ಅದು ರಕ್ತಕ್ಕೆ ಸೇರದಂತೆ ತಡೆಯಬಲ್ಲದು. ಕೊರತೆಯಿಂದ ಆಸೆ, ಆಸೆಯಿಂದ ಇನ್ನಷ್ಟು ಕೊರತೆ. ಈ ಸುತ್ತನ್ನು ಬೈಗುಳ ಮುರಿಯಲಾರದು, ಚಿಕಿತ್ಸೆ ಮುರಿಯಬಲ್ಲದು.

ಕೆಲವು ನಂಬಿಕೆಗಳು, ಅವುಗಳ ನಿಜ

‘ಬಸುರಿಯ ಬಯಕೆ, ಬೇಡ ಅನ್ನಬಾರದು.’ ಹುಣಸೆಕಾಯಿ, ಮಾವಿನಕಾಯಿ, ಮಿರ್ಚಿ ಭಜಿಗೆ ಬೇಡ ಎನ್ನಬೇಕಿಲ್ಲ. ಮಣ್ಣು, ಬಳಪದ ಬಯಕೆ ಬೇರೆ. ಅದನ್ನು ಆಶಾ ಕಾರ್ಯಕರ್ತೆಗೋ ವೈದ್ಯರಿಗೋ ಹೇಳಿ ರಕ್ತ ಪರೀಕ್ಷೆ ಮಾಡಿಸಬೇಕು.

‘ನಮ್ಮ ಹೊಲದ ಮಣ್ಣು ಶುದ್ಧ.’ ಮಣ್ಣಿನಲ್ಲಿ ದುಂಡುಹುಳು, ಚಾಟಿಹುಳುಗಳ ಮೊಟ್ಟೆ, ಗೊಬ್ಬರ, ಕ್ರಿಮಿನಾಶಕದ ಉಳಿಕೆ ಇರಬಹುದು. ಖನಿಜಗಳೂ ಊರಿನಿಂದ ಊರಿಗೆ ಬದಲಾಗುತ್ತವೆ. ಲಿಂಗಸುಗೂರು ತಾಲೂಕಿನ ಹಟ್ಟಿಯ ಚಿನ್ನದ ಅದಿರಿನ ಜೊತೆಗೆ ಆರ್ಸೆನಿಕ್ ಇರುವ ಖನಿಜವೂ ಇದೆ. ಇಂಥ ಬಂಡೆಗಳ ಸೀಮೆಯಲ್ಲಿ ಮಣ್ಣು ತಿನ್ನುವುದು ಇನ್ನೂ ಅಪಾಯ.

‘ಬಳಪದಿಂದ ಕ್ಯಾಲ್ಸಿಯಂ ಸಿಗುತ್ತದೆ.’ ಬಳಪ, ಸೀಮೆಸುಣ್ಣ ಬರೆಯಲು ಮಾಡಿದವು. ತಿಂದರೆ ಹಲ್ಲು ಸವೆಯುತ್ತದೆ, ಮಲಬದ್ಧತೆ ಬರುತ್ತದೆ. ಕ್ಯಾಲ್ಸಿಯಂ ಬೇಕಿದ್ದರೆ ರಾಗಿ, ಹಾಲು, ಮೊಸರು, ಎಳ್ಳು ಇವೆ. ಗರ್ಭಿಣಿಯರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆಯೂ ಸಿಗುತ್ತದೆ.

‘ಯಾರೋ ಮಾಡಿಸಿದ್ದಾರೆ, ಗಾಳಿ ಸೋಕಿದೆ.’ ನಾಣ್ಯ, ಮೊಳೆ, ಕೂದಲು ನುಂಗುವವರ ಬಗ್ಗೆ ಈ ಮಾತು ಬರುತ್ತದೆ. ಸ್ಕಿಜೋಫ್ರೇನಿಯಾ, ಬೌದ್ಧಿಕ ಅಸಾಮರ್ಥ್ಯ, ಆಟಿಸಂ ಇರುವವರಲ್ಲಿ ಇಂಥ ವರ್ತನೆ ಕಾಣಬಹುದು. ತಾಯಿತ ಕಟ್ಟಿಸಲು ಅಲೆದಾಡುವ ತಿಂಗಳುಗಳಲ್ಲಿ ಕರುಳು ಕಟ್ಟಿಕೊಳ್ಳಬಹುದು, ತೂತಾಗಲೂಬಹುದು. ಶಸ್ತ್ರಚಿಕಿತ್ಸೆಯಿಂದ ಹೊಟ್ಟೆ ಖಾಲಿಯಾದರೂ ನುಂಗಿಸಿದ ಕಾಯಿಲೆ ಹಾಗೆಯೇ ಉಳಿದಿರುತ್ತದೆ. ಅದಕ್ಕೆ ಮನೋವೈದ್ಯರ ಚಿಕಿತ್ಸೆ ಮುಂದುವರಿಯಬೇಕು. ಇಲ್ಲದಿದ್ದರೆ ಮತ್ತೆ ನುಂಗುವ ಭಯ ಇದ್ದೇ ಇರುತ್ತದೆ.

ಇನ್ನೆರಡು ಅಪರೂಪದ ತೊಂದರೆಗಳು

ಊಟವಾದ ಕೆಲವೇ ನಿಮಿಷಗಳಲ್ಲಿ, ವಾಕರಿಕೆಯಿಲ್ಲದೆ, ತಿಂದದ್ದು ತಾನಾಗಿಯೇ ಬಾಯಿಗೆ ಬರುವುದು ಒಂದು. ಅದನ್ನು ಮತ್ತೆ ಅಗಿದು ನುಂಗುವವರೂ ಇದ್ದಾರೆ, ಉಗುಳುವವರೂ ಇದ್ದಾರೆ. ಇದನ್ನು ‘ರೂಮಿನೇಷನ್’ ಎನ್ನುತ್ತಾರೆ. ದನದ ಮೆಲುಕು ಎಂದೇ ಅದರ ಅರ್ಥ. ಗ್ಯಾಸ್, ಆಸಿಡಿಟಿ ಎಂದುಕೊಂಡು ವರ್ಷಗಟ್ಟಲೆ ಮಾತ್ರೆ ನುಂಗುವವರುಂಟು. ಊಟದ ನಂತರ ಹೊಟ್ಟೆಯಿಂದ ನಿಧಾನವಾಗಿ ಉಸಿರಾಡುವ ಅಭ್ಯಾಸವೇ ಇದರ ಮುಖ್ಯ ಚಿಕಿತ್ಸೆ.

ಎರಡನೆಯದು ಊಟದ ಭಯ. ಒಮ್ಮೆ ಅನ್ನ ಗಂಟಲಲ್ಲಿ ಸಿಕ್ಕಿ ಉಸಿರುಗಟ್ಟಿದ ಮೇಲೆ ಗಂಜಿ ಬಿಟ್ಟು ಏನನ್ನೂ ಮುಟ್ಟದವರು, ಕೆಲವೇ ತಿನಿಸುಗಳಲ್ಲಿ ಬದುಕುವವರು ಇದರಲ್ಲಿ ಸೇರುತ್ತಾರೆ. ತೆಳ್ಳಗಾಗಬೇಕೆಂಬ ಆಸೆ ಇವರಿಗಿಲ್ಲ. ‘ಏನು ನಖರಾ’ ಎಂದು ಮನೆಯವರು ರೇಗುತ್ತಾರೆ. ತೂಕ ಇಳಿಯುತ್ತಿದ್ದರೆ, ನಾಲ್ಕು ಜನರೊಡನೆ ಉಣ್ಣಲಾಗದಂತಾಗಿದ್ದರೆ ಅದು ಕಾಯಿಲೆ. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ ಇದಕ್ಕೆ ಪ್ರತ್ಯೇಕ ಹೆಸರು ಸಿಕ್ಕಿದ್ದೇ 2013ರಲ್ಲಿ.

ಮನೆಯವರು ಏನು ಮಾಡಬಹುದು?

ಮೊದಲು ಬೈಯದೆ ಕೇಳಿ: ‘ಮಣ್ಣು, ಬಳಪ, ಹಸಿ ಅಕ್ಕಿ ಏನಾದರೂ ತಿನ್ನಬೇಕು ಅನಿಸುತ್ತದೆಯಾ?’ ಅನೇಕರು ಹೇಳದಿರುವುದು ಯಾರೂ ಕೇಳಿಲ್ಲ ಎಂಬ ಕಾರಣಕ್ಕೆ.

ನಂತರ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಗರ್ಭಿಣಿಯರಲ್ಲಿ ಅದು 11 ಗ್ರಾಂ, ಇತರ ಮಹಿಳೆಯರಲ್ಲಿ 12 ಗ್ರಾಂ, ಗಂಡಸರಲ್ಲಿ 13 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ. ಅದು ಏಕೆ ಬಂತೆಂದು ವೈದ್ಯರು ನೋಡಬೇಕು: ಮುಟ್ಟಿನಲ್ಲಿ ಹೆಚ್ಚು ರಕ್ತ ಹೋಗುತ್ತಿದೆಯೇ, ಮೂಲವ್ಯಾಧಿಯೇ, ಕೊಕ್ಕೆಹುಳುವೇ? ಕಬ್ಬಿಣದ ಮಾತ್ರೆಯನ್ನು ಚಹಾದ ಜೊತೆ ತೆಗೆದುಕೊಳ್ಳಬಾರದು. ಮಾತ್ರೆಯಿಂದ ಮಲ ಕಪ್ಪಾದರೆ ಹೆದರಿ ನಿಲ್ಲಿಸಬಾರದು. ಸಜ್ಜೆ ರೊಟ್ಟಿ, ಪುಂಡಿ ಪಲ್ಯ, ನುಗ್ಗೆ ಸೊಪ್ಪು, ಕಾಳು, ಜೊತೆಗೊಂದು ನಿಂಬೆ ಹೋಳು ಊಟದಲ್ಲಿರಲಿ. ಮಾಂಸ ತಿನ್ನುವವರಿಗೆ ಅದರಲ್ಲಿನ ಕಬ್ಬಿಣ ಸುಲಭವಾಗಿ ಒಗ್ಗುತ್ತದೆ.

ನಾಣ್ಯ, ಮೊಳೆ, ಗುಂಡಿ ಬ್ಯಾಟರಿ, ಅಯಸ್ಕಾಂತ ನುಂಗಿದ್ದು ಗೊತ್ತಾದರೆ ಬಾಳೆಹಣ್ಣು ತಿನ್ನಿಸಿ ಕಾಯಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ. ಹೊಟ್ಟೆ ಉಬ್ಬರ, ವಾಂತಿ, ಮಲ ಕಟ್ಟುವುದು, ಕಪ್ಪು ವಾಂತಿ ಅಪಾಯದ ಲಕ್ಷಣಗಳು.

ಮನಸ್ಸಿನ ಕಾಯಿಲೆಗೆ ಬೆಂಗಳೂರಿಗೇ ಹೋಗಬೇಕೆಂಬ ಕಾಲ ಈಗಿಲ್ಲ. ಜಿಲ್ಲಾ ಮಟ್ಟದಲ್ಲೇ ಮಾನಸಿಕ ಆರೋಗ್ಯ ಸೇವೆ ಕೊಡಬಹುದೆಂದು ನಿಮ್ಹಾನ್ಸ್ 1980ರ ದಶಕದಲ್ಲಿ ತೋರಿಸಿದ್ದು ರಾಯಚೂರಿನ ನೆರೆಯ ಬಳ್ಳಾರಿ ಜಿಲ್ಲೆಯಲ್ಲೇ. ಆ ಮಾದರಿಯ ಮೇಲೆಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಯಾವ ಹಳ್ಳಿಯಿಂದಲೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ನಿಮ್ಮ ಮನೆಯಲ್ಲಿ ಯಾರಾದರೂ ಕದ್ದು ಬಳಪ ತಿನ್ನುವುದು ಕಣ್ಣಿಗೆ ಬಿದ್ದರೆ, ಅದನ್ನು ಕಸಿದುಕೊಂಡು ನಾಲ್ಕು ಜನರ ಮುಂದೆ ಹೇಳಬೇಡಿ. ಮರುದಿನ ಅವರ ಜೊತೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ರಕ್ತ ಪರೀಕ್ಷೆ ಮಾಡಿಸಿಕೊಂಡು ಬನ್ನಿ.