ಮಾವನ ಕಂಪ್ಯೂಟರ್‌ಗೆ ಯಾವ ಲಿನಕ್ಸ್?

ಪಾಮನಕಲ್ಲೂರಿನ ಸೋದರಮಾವನ ಡೆಸ್ಕ್‌ಟಾಪ್ ಆನ್ ಆಗೋಷ್ಟರಲ್ಲಿ ಒಂದು ಚಹಾ ಮುಗೀತದೆ. ರ‍್ಯಾಮ್ 2 ಜಿಬಿ, ಒಳಗೆ ವಿಂಡೋಸ್ 10. ಅದರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ವಿಂಡೋಸ್ 11 ಕೇಳೋದು ಕನಿಷ್ಠ 4 ಜಿಬಿ. ಪ್ರೊಸೆಸರ್ 64-ಬಿಟ್ ಅಂತ ನೋಡಿಕೊಂಡು, ಪೆನ್‌ಡ್ರೈವ್‌ಗೆ ಲುಬುಂಟು ತುಂಬಿಸಿಕೊಂಡು ಹೋದೆ. ಇನ್‌ಸ್ಟಾಲ್ ಮಾಡದೆ ಅಲ್ಲಿಂದಲೇ ಓಡಿಸಿದೆ. ಚುರುಕಾಗಿತ್ತು. ಬ್ರೌಸರ್‌ನಲ್ಲಿ ಹತ್ತು ಟ್ಯಾಬ್ ತೆರೆದರೆ ಮಾತ್ರ ಕಥೆ ಬೇರೆ.

"ನನ್ನ ಅರ್ಜಿಗಳು ಎಲ್ಲಿ?" ಅಂದರು ಮಾವ.

ನಾರಾಯಣಪುರ ಬಲದಂಡೆ 5ಎ ಕಾಲುವೆಗಾಗಿ ಊರಲ್ಲಿ ಧರಣಿ ನಡೆದಾಗ ಅವರು ಟೈಪ್ ಮಾಡಿದ ಮನವಿಗಳು. ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ. ಎಲ್ಲವೂ ಹಳೇ ನುಡಿ ಫಾಂಟಿನವು, ಯುನಿಕೋಡ್ ಅಲ್ಲ. ಇದನ್ನ ನಾನು ಮೊದಲೇ ಯೋಚಿಸಬೇಕಿತ್ತು.

ವಿಂಡೋಸ್‌ನ ಫಾಂಟ್ ಫೈಲ್‌ಗಳನ್ನೇ ಕಾಪಿ ಮಾಡಿದ ಮೇಲೆ ಲಿಬ್ರೆಆಫೀಸ್‌ನಲ್ಲಿ ಕನ್ನಡ ಕಾಣಿಸಿತು. ಟೈಪಿಂಗ್‌ಗೆ ಐಬಸ್‌ನಲ್ಲಿ ಕೆಜಿಪಿ ಕೀಲಿಮಣೆ ಇದೆ, ಬೆರಳು ಹೊಸದಾಗಿ ಕಲಿಯಬೇಕಿಲ್ಲ. ಮನವಿಗಳನ್ನ ಈಗ ಯುನಿಕೋಡ್‌ಗೆ ಬದಲಾಯಿಸ್ತಾ ಇದ್ದೀವಿ. ಅಲ್ಲಲ್ಲಿ ಒತ್ತಕ್ಷರ ತಪ್ತದೆ, ಮಾವ ಕನ್ನಡಕ ಹಾಕ್ಕೊಂಡು ತಿದ್ತಾರೆ. ಅದು ಮುಗಿಯೋ ತನಕ ವಿಂಡೋಸ್ ಅಳಿಸಲ್ಲ.